ಇಂಟರ್‌ವ್ಯೂ ಬಗ್ಗೆ ಮಲೆನಾಡಿನಲ್ಲಿ ಹಬ್ಬಿರುವ ತಪ್ಪು ತಿಳಿವಳಿಕೆಗಳು

ಸಾಗರದ ಎಲ್.ಬಿ. ಕಾಲೇಜು, ಹೊಸನಗರದ ಕೊಡಚಾದ್ರಿ ಕಾಲೇಜು, ತೀರ್ಥಹಳ್ಳಿಯ ತುಂಗಾ ಕಾಲೇಜುಗಳಲ್ಲಿ ಡಿಗ್ರಿ ಮುಗಿಸುವ ಹುಡುಗ ಹುಡುಗಿಯರಿಗೆ ಬರೆಯುವ ಪರೀಕ್ಷೆಯ ಭಯ ಅಷ್ಟಾಗಿ ಇರುವುದಿಲ್ಲ. ಒಂದನೇ ತರಗತಿಯಿಂದ ಬರೆದು ಬರೆದು ಕೈ ಪಳಗಿರುತ್ತದೆ. ಆದರೆ ಎದುರಿಗೆ ನಾಲ್ಕು ಜನ ಕೂತು ಪ್ರಶ್ನೆ ಕೇಳುತ್ತಾರೆ ಎಂದ ಕೂಡಲೇ ಬಾಯಿ ಒಣಗುತ್ತದೆ. ಮದುವೆಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಕೆಲಸ ಸಿಕ್ಕವರ ಮತ್ತು ಸಿಗದವರ ಬಾಯಲ್ಲಿ ಕೇಳಿದ ಮಾತುಗಳೇ ಈ ಭಯವನ್ನು ಬೆಳೆಸಿವೆ. ಅವುಗಳಲ್ಲಿ ಹಲವು ಸುಳ್ಳು. ಕೆಲವು ಒಂದು ಕಾಲಕ್ಕೆ ನಿಜವಾಗಿದ್ದು, ಈಗ ಹಳತಾಗಿವೆ.

"ಸರ್ಕಾರಿ ಕೆಲಸ ಅಂದ್ರೆ ಇಂಟರ್‌ವ್ಯೂ, ಇಂಟರ್‌ವ್ಯೂ ಅಂದ್ರೆ ವಶೀಲಿ"

ಈ ಮಾತು ಸುಮ್ಮನೆ ಹುಟ್ಟಿದ್ದಲ್ಲ. 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ (ಕೆಎಎಸ್ ಮುಂತಾದ) ಹುದ್ದೆಗಳ ನೇಮಕದಲ್ಲಿ ಅಕ್ರಮ ನಡೆದಿದೆ ಎಂದು ಸಿಐಡಿ ತನಿಖೆ ನಡೆಯಿತು. 2014ರಲ್ಲಿ ಸರ್ಕಾರ ಆಯ್ಕೆಪಟ್ಟಿಯನ್ನೇ ಹಿಂಪಡೆಯಿತು. ಪ್ರಕರಣ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ಓಡಾಡಿತು. ಆಗ ಕೆಎಎಸ್ ಸಂದರ್ಶನಕ್ಕೆ 200 ಅಂಕ ಇತ್ತು. ಅಷ್ಟು ಅಂಕ ಕೋಣೆಯೊಳಗಿನ ಕೆಲವೇ ಜನರ ಕೈಯಲ್ಲಿದ್ದಾಗ ಜನ ಅನುಮಾನಪಟ್ಟದ್ದು ಸಹಜ.

ಈಗಿನ ಲೆಕ್ಕ ಬೇರೆ. ಕೆಎಎಸ್ ಮುಖ್ಯ ಪರೀಕ್ಷೆಗೆ 1250 ಅಂಕ, ವ್ಯಕ್ತಿತ್ವ ಪರೀಕ್ಷೆಗೆ ಬರೀ 25. ಐಎಎಸ್‌ಗೆ ನಡೆಯುವ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಬರವಣಿಗೆಗೆ 1750, ಸಂದರ್ಶನಕ್ಕೆ 275. ಬ್ಯಾಂಕ್ ಅಧಿಕಾರಿ ಹುದ್ದೆಗೆ ಐಬಿಪಿಎಸ್ ನಡೆಸುವ ಆಯ್ಕೆಯಲ್ಲಿ ಬರವಣಿಗೆಗೂ ಸಂದರ್ಶನಕ್ಕೂ 80:20 ತೂಕ. ಮೌಖಿಕ ಪರೀಕ್ಷೆಗೆ ಮಿತಿಮೀರಿ ಅಂಕ ಇಡುವುದು ಸಲ್ಲದೆಂದು ಸುಪ್ರೀಂ ಕೋರ್ಟ್ 1981ರ ಅಜಯ್ ಹಾಸಿಯಾ ಪ್ರಕರಣದಲ್ಲೇ ಹೇಳಿತ್ತು. ಅಲ್ಲಿ ಕಾಲೇಜು ಪ್ರವೇಶಕ್ಕೆ ಶೇ. 33ರಷ್ಟಿದ್ದ ಸಂದರ್ಶನದ ಪಾಲು ಶೇ. 15 ದಾಟಬಾರದು ಎಂದಿತು.

ನಮ್ಮ ಮೂರು ತಾಲ್ಲೂಕಿನ ಮಕ್ಕಳು ಹೆಚ್ಚಾಗಿ ಅರ್ಜಿ ಹಾಕುವ ಹುದ್ದೆಗಳಿಗಂತೂ ಸಂದರ್ಶನವೇ ಇಲ್ಲ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನ ಕೈಬಿಟ್ಟಿತು. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಎಸ್ಸೆಸ್ಸೆಲ್ಸಿ ಅಂಕವೇ ಆಧಾರ. ಬ್ಯಾಂಕ್ ಕ್ಲರ್ಕ್, ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪೊಲೀಸ್ ಕಾನ್‌ಸ್ಟೆಬಲ್ ಯಾವುದಕ್ಕೂ ಸಂದರ್ಶನ ಇಲ್ಲ. ಹಾಗಿದ್ದೂ "ಪೋಸ್ಟ್ ಆಫೀಸ್ ಕೆಲಸದ ಇಂಟರ್‌ವ್ಯೂನಲ್ಲಿ ಪಾಸು ಮಾಡಿಸ್ತೇನೆ, ಇಷ್ಟು ಕೊಡಿ" ಎನ್ನುವವರು ಊರೂರಲ್ಲಿ ಸಿಗುತ್ತಾರೆ. ಇಲ್ಲದ ಇಂಟರ್‌ವ್ಯೂ ಪಾಸು ಮಾಡಿಸಲು ಯಾರಿಂದಲೂ ಆಗದು. ಅಡಿಕೆ ಮಾರಿದ ದುಡ್ಡು, ಅಮ್ಮನ ಬಳೆ ಅಡ ಇಟ್ಟ ದುಡ್ಡು ಹೀಗೆ ಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಹಾಲು ಒಕ್ಕೂಟ, ಡಿಸಿಸಿ ಬ್ಯಾಂಕಿನಂಥ ಸಹಕಾರಿ ಸಂಸ್ಥೆಗಳಲ್ಲಿ ಸಂದರ್ಶನ ಇರಬಹುದು. ಎಷ್ಟು ಅಂಕಕ್ಕೆ ಎಂಬುದನ್ನು ಅಧಿಸೂಚನೆಯಲ್ಲೇ ಓದಿಕೊಳ್ಳಿ. ಪಕ್ಕದ ಮನೆಯವರನ್ನು ಕೇಳಬೇಡಿ.

"ಇಂಗ್ಲಿಷ್ ಬರದಿದ್ದರೆ ಮುಗೀತು"

ಯುಪಿಎಸ್‌ಸಿಯಲ್ಲಿ ಕನ್ನಡದಲ್ಲಿ ಪರೀಕ್ಷೆ ಬರೆದವರು ಸಂದರ್ಶನವನ್ನೂ ಕನ್ನಡದಲ್ಲೇ ಕೊಡಬಹುದು. ಮಂಡಳಿಯವರಿಗೆ ಕನ್ನಡ ತಿಳಿಯದಿದ್ದರೆ ದುಭಾಷಿ ಇರುತ್ತಾರೆ. ದೇಶದ ಅತಿ ದೊಡ್ಡ ಸಂದರ್ಶನದಲ್ಲೇ ಈ ಅವಕಾಶ ಇದೆ. ಕರ್ನಾಟಕದ ಬ್ಯಾಂಕ್ ಕ್ಲರ್ಕ್ ಹುದ್ದೆಗೆ ಶಾಲೆಯಲ್ಲಿ ಕನ್ನಡ ಕಲಿಯದವರು ಕನ್ನಡದ ಪರೀಕ್ಷೆಯೊಂದನ್ನು ದಾಟಬೇಕು. ನಮ್ಮವರು ಕೊರತೆ ಎಂದುಕೊಂಡಿರುವುದು ಅಲ್ಲಿ ನಮ್ಮವರ ಕೈಲಿರುವ ಬಂಡವಾಳ.

ಆದರೆ ಪೂರ್ತಿ ನಿಜ ಹೇಳಬೇಕು. ಬೆಂಗಳೂರಿನ ಐಟಿ ಕಂಪನಿಗೋ ಹೊರದೇಶದ ಗ್ರಾಹಕರೊಡನೆ ಮಾತಾಡುವ ಕೆಲಸಕ್ಕೋ ಇಂಗ್ಲಿಷ್ ಬೇಕೇ ಬೇಕು. ಅದಕ್ಕೆ ವ್ಯಾಕರಣದ ಪುಸ್ತಕ ಉರು ಹೊಡೆಯುವುದರಿಂದ ಫಲ ಕಡಿಮೆ. ನಿಮ್ಮ ಓದು, ನಿಮ್ಮ ಮನೆ, ನೀವು ಮಾಡಿದ ಪ್ರಾಜೆಕ್ಟು, ಇಷ್ಟನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ವಾಕ್ಯ ಚಿಕ್ಕದಿರಲಿ. ಶಿವಮೊಗ್ಗದ ಶೋರೂಮು, ಫೈನಾನ್ಸ್ ಕಂಪನಿ, ಆಸ್ಪತ್ರೆಗಳ ಕೆಲಸಕ್ಕಾದರೆ ಗ್ರಾಹಕನ ಜೊತೆ ಕನ್ನಡದಲ್ಲಿ ಸ್ಪಷ್ಟವಾಗಿ ಮಾತಾಡುವವರೇ ಬೇಕು.

"ಮಾತು ಶೇ. 7, ಉಳಿದದ್ದೆಲ್ಲ ಬಾಡಿ ಲಾಂಗ್ವೇಜ್"

ವ್ಯಕ್ತಿತ್ವ ವಿಕಸನದ ತರಬೇತಿಗಳಲ್ಲಿ ಈ ಲೆಕ್ಕ ಬರದೇ ಇರುವುದು ಅಪರೂಪ. ಪದಗಳಿಗೆ ಶೇ. 7, ದನಿಗೆ 38, ಮುಖಭಾವಕ್ಕೆ 55. ಇದರ ಮೂಲ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಪುಟ್ಟ ಪ್ರಯೋಗಗಳು. ಬಿಡಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಒಂದರಲ್ಲಿ ಜೊತೆಗೆ ಮುಖದ ಫೋಟೊ ತೋರಿಸಿ, ಹೇಳುವವರಿಗೆ ಇಷ್ಟವಿದೆಯೋ ಇಲ್ಲವೋ ಊಹಿಸಿ ಎಂದು ಕೇಳಿದ್ದರು. ಪದ ಒಂದು ಹೇಳಿ, ಮುಖ ಇನ್ನೊಂದು ಹೇಳಿದರೆ ಜನ ಯಾವುದನ್ನು ನಂಬುತ್ತಾರೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಭಾವನೆ, ಇಷ್ಟಾನಿಷ್ಟಗಳ ಮಾತನ್ನು ಬಿಟ್ಟು ಬೇರೆಡೆಗೆ ಈ ಸೂತ್ರ ಅನ್ವಯಿಸುವುದಿಲ್ಲ ಎಂದು ಮೆಹ್ರೇಬಿಯನ್ ತಾವೇ ಸ್ಪಷ್ಟಪಡಿಸಿದ್ದಾರೆ.

ಜಿಎಸ್‌ಟಿ ರಿಟರ್ನ್ ಹೇಗೆ ತುಂಬುತ್ತೀರಿ ಎಂದು ಕೇಳಿದಾಗ ಉತ್ತರದ ಶೇ. 93 ಭಾಗ ಮುಖದಲ್ಲೂ ದನಿಯಲ್ಲೂ ಇರಲು ಸಾಧ್ಯವೇ? ಈ ಸುಳ್ಳಿನಿಂದ ಆಗಿರುವ ಹಾನಿ ದೊಡ್ಡದು. ಉತ್ತರ ಸಿದ್ಧಮಾಡಿಕೊಳ್ಳಬೇಕಾದ ವಾರದಲ್ಲಿ ಮಕ್ಕಳು ಟೈ ಕಟ್ಟುವುದು, ಕೈ ಕುಲುಕುವುದು, ಕಾಲು ಎಲ್ಲಿಡಬೇಕು ಎಂಬ ಚಿಂತೆಯಲ್ಲಿ ಕಳೆಯುತ್ತಾರೆ. ಒಗೆದು ಇಸ್ತ್ರಿ ಮಾಡಿದ ಬಟ್ಟೆ ಸಾಕು. ಮಾತಾಡುವವರ ಮುಖ ನೋಡಿ ಉತ್ತರಿಸಿದರೆ ಸಾಕು.

ಮೊದಲ ಅರ್ಧ ನಿಮಿಷದಲ್ಲೇ ನಿರ್ಧಾರ ಆಗಿಹೋಗುತ್ತದೆ ಎಂಬುದೂ ಇದರ ತಮ್ಮನೇ. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ನೂರಾರು ಸಂದರ್ಶನಗಳನ್ನು ಪರಿಶೀಲಿಸಿತು. ಮೊದಲ ನಿಮಿಷದಲ್ಲೇ ನಿರ್ಧರಿಸಿದವರು ಇಪ್ಪತ್ತರಲ್ಲಿ ಒಬ್ಬರಷ್ಟೇ. ಹೆಚ್ಚಿನವರು ಐದು ನಿಮಿಷಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡರು. ಬಾಗಿಲಲ್ಲಿ ಎಡವಿದರೆ ಕೆಲಸ ಹೋಗುವುದಿಲ್ಲ.

"ನಂಗೆ ಅನುಭವ ಏನೂ ಇಲ್ಲ, ಮನೇಲೇ ಇದ್ದೆ"

ನಮ್ಮ ಮಕ್ಕಳು ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲಿ.

ಬಿ.ಕಾಂ. ಮುಗಿಸಿದ ಹೊಸನಗರ ಕಡೆಯ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. "ಕಳೆದ ವರ್ಷ ಏನು ಮಾಡ್ತಿದ್ರಿ?" ಎಂದು ಕೇಳಿದರೆ "ಏನಿಲ್ಲ ಸಾರ್, ಮನೇಲೇ ಇದ್ದೆ" ಎನ್ನುತ್ತಾಳೆ. ಆ ವರ್ಷ ಮನೆಯಲ್ಲಿ ಆದದ್ದೇನು? ಅಡಿಕೆ ಕೊಯ್ಲಿನ ಎರಡು ಮೂರು ತಿಂಗಳು ಕೊನೆಗಾರರ ಕೂಲಿ, ಸುಲಿಯಲು ಬಂದವರಲ್ಲಿ ಯಾರು ಎಷ್ಟು ಸುಲಿದರು ಎಂಬ ಲೆಕ್ಕ, ಬೇಯಿಸಿ ಒಣಗಿಸಿದ ರಾಶಿ ಎಷ್ಟು, ಮಂಡಿಗೆ ಹೋದದ್ದೆಷ್ಟು, ಎಲ್ಲ ಬರೆದಿಟ್ಟವಳು ಅವಳೇ. ಮಂಡಿಯಿಂದ ಬಂದ ಪಟ್ಟಿಗೂ ತನ್ನ ಪುಸ್ತಕಕ್ಕೂ ತಾಳೆ ನೋಡಿದವಳೂ ಅವಳೇ. ಇದು ಮಜೂರಿ ಲೆಕ್ಕ, ದಾಸ್ತಾನು ಲೆಕ್ಕ, ಮಾರಾಟದ ಲೆಕ್ಕ. ಅಕೌಂಟ್ಸ್ ವಿಭಾಗಕ್ಕೆ ಬೇಕಾದದ್ದು ಇದೇ. ಅವಳು ಹೇಳಲಿಲ್ಲ, ಅವರಿಗೆ ತಿಳಿಯಲಿಲ್ಲ.

ತೀರ್ಥಹಳ್ಳಿ ಕಡೆಯ ಬಿ.ಎಸ್ಸಿ. ಹುಡುಗ ಮಳೆಗಾಲದ ಮುಂಚೆ ತೋಟಕ್ಕೆ ಔಷಧಿ ಹೊಡೆಸಿರುತ್ತಾನೆ. 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಕಬ್ಬಿಣದ ಕತ್ತಿ ಅದ್ದಿ ನೋಡಿ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು ಎಂದು ಅವನಿಗೆ ಗೊತ್ತು. ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ ಕೆಲಸಕ್ಕೆ ಹೋದವನು ಈ ಉದಾಹರಣೆಯನ್ನು ಹೇಳಿ, ಯಾಕೆ ಹಾಗಾಗುತ್ತದೆಂದು ರಸಾಯನಶಾಸ್ತ್ರದಿಂದ ವಿವರಿಸಿದರೆ ಎದುರಿಗಿದ್ದವರು ಕಿವಿಗೊಟ್ಟೇ ಕೊಡುತ್ತಾರೆ.

ಹೀಗೆ ಹೇಳುವುದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಬಾಯಿಗೆ ಬಂದದ್ದು ಕೇಳುವ ಸಂದರ್ಶನಕ್ಕಿಂತ, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ ಕೇಳಿ, ಮೊದಲೇ ಗೊತ್ತುಮಾಡಿದ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನ ಕೆಲಸಗಾರರನ್ನು ಆರಿಸಲು ಹೆಚ್ಚು ನಂಬಬಹುದಾದದ್ದು ಎಂದು ಶ್ಮಿಟ್ ಮತ್ತು ಹಂಟರ್ 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ 1998ರಲ್ಲಿ ತೋರಿಸಿದರು. ಆದ್ದರಿಂದ ದೊಡ್ಡ ಕಂಪನಿಗಳು "ನೀವು ಕಷ್ಟದ ಸಂದರ್ಭ ನಿಭಾಯಿಸಿದ ಒಂದು ಘಟನೆ ಹೇಳಿ" ಎಂಬಂಥ ಪ್ರಶ್ನೆ ಕೇಳುತ್ತವೆ. ಇದಕ್ಕೆ "ನಾನು ಶ್ರಮಜೀವಿ" ಎಂದರೆ ಅಂಕ ಸಿಗದು. ಏನಾಗಿತ್ತು, ನಿಮ್ಮ ಪಾಲಿಗೆ ಬಂದ ಕೆಲಸ ಯಾವುದು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು, ಈ ನಾಲ್ಕು ಬೇಕು. ಎನ್‌ಎಸ್‌ಎಸ್ ಶಿಬಿರ, ಸ್ವಸಹಾಯ ಸಂಘದ ಪುಸ್ತಕ, ಊರಿನ ಯಕ್ಷಗಾನದ ಆಟ ಮಾಡಿಸಿದ್ದು, ಯಾವುದಾದರೂ ಆದೀತು. ಅಂಥ ಐದಾರು ಘಟನೆಗಳನ್ನು ಬರೆದಿಟ್ಟುಕೊಳ್ಳಿ. ಇಲ್ಲದ್ದನ್ನು ಕಟ್ಟಬೇಡಿ, ಎರಡನೇ ಪ್ರಶ್ನೆಗೇ ಬಯಲಾಗುತ್ತದೆ.

"ಗೊತ್ತಿಲ್ಲ ಅಂದ್ರೆ ಫೇಲು"

ಯುಪಿಎಸ್‌ಸಿ ತನ್ನ ಅಧಿಸೂಚನೆಯಲ್ಲೇ ಸಂದರ್ಶನ ಎಂದರೆ ಪಾಟೀಸವಾಲಲ್ಲ, ಸಹಜವಾದ ಆದರೆ ಉದ್ದೇಶವಿರುವ ಮಾತುಕತೆ ಎಂದು ಹೇಳುತ್ತದೆ. ಜ್ಞಾನವನ್ನು ಬರವಣಿಗೆಯಲ್ಲಿ ಆಗಲೇ ಅಳೆದಾಗಿದೆ. ಗೊತ್ತಿಲ್ಲದ್ದನ್ನು "ಗೊತ್ತಿಲ್ಲ ಸಾರ್" ಎಂದು ನೇರವಾಗಿ ಹೇಳಿ ಮುಂದಿನ ಪ್ರಶ್ನೆಗೆ ಹೋಗುವವರನ್ನು ಮಂಡಳಿ ಇಷ್ಟಪಡುತ್ತದೆ. ಊಹಿಸುವುದಾದರೆ ಊಹೆ ಎಂದೇ ಹೇಳಿ.

ಆದರೆ ಗೊತ್ತಿಲ್ಲ ಎನ್ನಬಾರದ ವಿಷಯ ಒಂದಿದೆ: ನಿಮ್ಮ ಊರು. ಅರ್ಜಿಯಲ್ಲಿ ಸಾಗರ ಎಂದು ಬರೆದವರಿಗೆ 1951ರ ಕಾಗೋಡು ಸತ್ಯಾಗ್ರಹ, ಲಿಂಗನಮಕ್ಕಿಯ ಮುಳುಗಡೆ, ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಪರ ವಿರೋಧ, 2019ರಲ್ಲಿ ಅರಳಗೋಡನ್ನು ಕಾಡಿದ ಮಂಗನ ಕಾಯಿಲೆ ಕೇಳಬಹುದು. ತೀರ್ಥಹಳ್ಳಿಯವರಿಗೆ ಕುಪ್ಪಳಿ, ಆಗುಂಬೆಯ ಮಳೆ, ಅಡಿಕೆಯ ಎಲೆಚುಕ್ಕಿ ರೋಗ. ಇವು ನಿಮ್ಮ ಅಜ್ಜ ಅಜ್ಜಿಗೆ, ಅಪ್ಪ ಅಮ್ಮನಿಗೆ ಗೊತ್ತಿರುವ ಸಂಗತಿಗಳು. ಅವರನ್ನು ಕೂರಿಸಿ ಕೇಳಿ, ಆಮೇಲೆ ಪತ್ರಿಕೆ ಓದಿ ಅಂಕಿ ಅಂಶ ಸರಿ ಮಾಡಿಕೊಳ್ಳಿ.

"ಧೈರ್ಯ ಹುಟ್ಟಿನಿಂದ ಬರಬೇಕು"

ಹೆಗ್ಗೋಡು ಸಾಗರದ ಮಗ್ಗುಲಲ್ಲೇ ಇದೆ. 1949ರಲ್ಲಿ ಅಲ್ಲಿ ಹುಟ್ಟಿದ ನೀನಾಸಮ್ ರಂಗಸಂಸ್ಥೆ ಹಳ್ಳಿಯ ಮಕ್ಕಳನ್ನು ರಂಗದ ಮೇಲೆ ನಿಲ್ಲಿಸಿದ್ದು ತಾಲೀಮಿನಿಂದ. ಇಂಟರ್‌ವ್ಯೂಗೂ ಬೇಕಾದದ್ದು ಅದೇ. ಉತ್ತರವನ್ನು ಬಾಯಿಪಾಠ ಮಾಡಿದರೆ ಒಂದು ಪದ ಮರೆತಾಗ ಎಲ್ಲವೂ ಕೈಕೊಡುತ್ತದೆ. ವಿಷಯ ನೆನಪಿಟ್ಟು ಪ್ರತಿಸಲ ಬೇರೆ ಮಾತುಗಳಲ್ಲಿ ಹೇಳಿ ನೋಡಿ. ಕೇಳಲು ಕಾಲೇಜಿನ ಮೇಷ್ಟ್ರೊಬ್ಬರು, ಗೆಳತಿ, ಊರಿಗೆ ಬಂದ ಬೆಂಗಳೂರಿನ ಅಣ್ಣ ಯಾರಾದರೂ ಆದಾರು. ಎದೆ ಹೊಡೆದುಕೊಳ್ಳುವುದು ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. "ಶಾಂತವಾಗು" ಎಂದು ಹೇಳಿಕೊಂಡವರಿಗಿಂತ ಅದೇ ಕಳವಳವನ್ನು ಹುರುಪು ಎಂದುಕೊಂಡವರು ಭಾಷಣ ಚೆನ್ನಾಗಿ ಮಾಡಿದರೆಂದು ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ತೋರಿಸಿದ್ದಾರೆ.

"ಸಮಯ ಬದಲಿಸಿ ಅಂತ ಕೇಳಿದರೆ ಕೆಟ್ಟ ಹೆಸರು"

ಆಷಾಢದ ಮಳೆಯಲ್ಲಿ ಮರ ಬಿದ್ದು ರಸ್ತೆ ಮುಚ್ಚುವುದು, ಕರೆಂಟು ಹೋಗಿ ಟವರ್ ಸತ್ತು ಮೊಬೈಲು ಮೂಕವಾಗುವುದು ಇಲ್ಲಿ ಮಾಮೂಲು. ಬೆಂಗಳೂರಿನ ಎಚ್‌ಆರ್‌ಗೆ ಇದು ನಾವು ಹೇಳದೆ ತಿಳಿಯದು. ಆನ್‌ಲೈನ್ ಇಂಟರ್‌ವ್ಯೂ ಇದ್ದರೆ ಹಿಂದಿನ ದಿನವೇ ಸಾಗರಕ್ಕೋ ಶಿವಮೊಗ್ಗಕ್ಕೋ ನೆಂಟರ ಮನೆಗೆ ಹೋಗಿ ಉಳಿಯಿರಿ. ಗುಡ್ಡ ಹತ್ತಿ ಸಿಗ್ನಲ್ ಹಿಡಿದು ಮಾತಾಡುವ ಸಾಹಸ ಆ ದಿನಕ್ಕೆ ಬೇಡ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ತುಮರಿ ಕಡೆಯವರಿಗೆ ಲಾಂಚಿಗೆ ಕಾಯುವುದು ತಪ್ಪಿದೆ. ಆದರೂ ದೂರ ದೂರವೇ. ಬೆಂಗಳೂರಿಗೆ ಬೆಳಿಗ್ಗೆ ಹತ್ತಕ್ಕೆ ಎಂದರೆ ರಾತ್ರಿ ರೈಲಿಳಿದು ನೇರ ಹೋಗಿ ಕೂರುವುದಕ್ಕಿಂತ ಒಂದು ದಿನ ಮುಂಚೆ ಹೊರಡುವುದು ಮೇಲು. ನಿಜಕ್ಕೂ ಆಗದಿದ್ದರೆ ಮುಂಚಿತವಾಗಿ ಫೋನು ಮಾಡಿ ಕಾರಣ ಹೇಳಿ, ಬೇರೆ ಎರಡು ಸಮಯ ಸೂಚಿಸಿ. ಹೇಳದೇ ತಪ್ಪಿಸಿಕೊಂಡವರ ಮೇಲೆ ಬರುವ ಬೇಸರ ಹೇಳಿ ಕೇಳಿದವರ ಮೇಲೆ ಬರುವುದಿಲ್ಲ.

ಆಯ್ಕೆಯಾದಿರಿ, ಲ್ಯಾಪ್‌ಟಾಪಿಗೋ ತರಬೇತಿಗೋ ಡೆಪಾಸಿಟ್ ಕಟ್ಟಿ ಎಂದು ಕರೆ ಬಂದರೆ ಮಾತ್ರ ಸಂಕೋಚ ಬಿಟ್ಟು ಫೋನ್ ಇಡಿ. ಈಗಾಗಲೇ ಕಟ್ಟಿದ್ದರೆ ಮನೆಯವರಿಂದ ಮುಚ್ಚಿಡದೆ, ತಡಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಯ ದೂರಿಗೆ ಇರುವ ರಾಷ್ಟ್ರೀಯ ಸಹಾಯವಾಣಿ ಅದು. ಬೇಗ ತಿಳಿಸಿದಷ್ಟೂ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.