ಹಳೆಯ ಫೆರಾರಿಯ ಹಿಂಬದಿ ಬಂಪರ್ ಜೋತು ಬೀಳುವುದೇಕೆ? ಸರಿಪಡಿಸುವುದು ಹೇಗೆ?

ಇಪ್ಪತ್ತೈದು-ಮೂವತ್ತು ವರ್ಷ ಓಡಿದ ಇಟಲಿಯ ಸ್ಪೋರ್ಟ್ಸ್ ಕಾರೊಂದನ್ನು ಹಿಂದಿನಿಂದ ನೋಡಿದರೆ ಕೆಲವೊಮ್ಮೆ ಒಂದು ಸಣ್ಣ ಊನ ಕಣ್ಣಿಗೆ ಬೀಳುತ್ತದೆ. ಬಣ್ಣ ಹೊಳೆಯುತ್ತಿರುತ್ತದೆ, ದುಂಡನೆಯ ದೀಪಗಳು ಹೊಸದರಂತೆ ಇರುತ್ತವೆ. ಆದರೆ ಬಂಪರಿನ ಮೇಲಂಚು ಬಾಡಿಯಿಂದ ತುಸು ಬಿಟ್ಟುಕೊಂಡು, ನಡುಭಾಗ ಕೆಳಗಿಳಿದಿರುತ್ತದೆ. ಎಡಗಡೆ ಮೂರು ಮಿಲಿಮೀಟರ್ ಇರುವ ಸಂದು ಮಧ್ಯದಲ್ಲಿ ಎಂಟು-ಹತ್ತು ಮಿಲಿಮೀಟರ್ ಆಗಿರುತ್ತದೆ.

ನೋಡಲು ಇದು ಅಂದದ ಪ್ರಶ್ನೆ. ಆದರೆ ಜೋತ ಬಂಪರ್ ಬಿಸಿ ಸೈಲೆನ್ಸರಿಗೆ ತಾಗಿದರೆ ಬಣ್ಣ ಸುಡುತ್ತದೆ, ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯ ಅಪಾಯವೂ ಇದೆ. ಅದಕ್ಕಿಂತ ಮುಖ್ಯವಾಗಿ, ಒಳಗಿರುವ ದೊಡ್ಡ ದೋಷಕ್ಕೆ ಇದು ಹೊರಗೆ ಕಾಣುವ ಮೊದಲ ಲಕ್ಷಣ ಆಗಿರಬಹುದು.

ಯಾವ ಕಾರು, ಏನು ವಿಶೇಷ?

ಉದಾಹರಣೆಗೆ ಫೆರಾರಿ ಎಫ್355 ತೆಗೆದುಕೊಳ್ಳೋಣ. ಮರನೆಲ್ಲೋದ ಕಾರ್ಖಾನೆಯಲ್ಲಿ 1994ರಿಂದ 1999ರವರೆಗೆ ತಯಾರಾದ ಕಾರಿದು. ವಿನ್ಯಾಸ ಪಿನಿನ್‌ಫರೀನಾ ಸಂಸ್ಥೆಯದು. 3.5 ಲೀಟರಿನ ವಿ8 ಎಂಜಿನ್, ಪ್ರತಿ ಸಿಲಿಂಡರಿಗೆ ಐದು ವಾಲ್ವ್. ಹೆಸರಿನಲ್ಲಿರುವ 35 ಮತ್ತು 5 ಬಂದಿರುವುದೂ ಅಲ್ಲಿಂದಲೇ. ಸಚಿನ್ ತೆಂಡೂಲ್ಕರ್ ಅವರಿಗೆ ಉಡುಗೊರೆಯಾಗಿ ಬಂದು, ಆಮದು ಸುಂಕದ ವಿಚಾರದಲ್ಲಿ ದೇಶವೆಲ್ಲ ಚರ್ಚೆಯಾಗಿದ್ದ 360 ಮೊಡೆನಾ ಇದರ ನಂತರ ಬಂದ ಮಾದರಿ.

ಈ ಕಾರಿನ ಎಂಜಿನ್ ಇರುವುದು ಚಾಲಕನ ಬೆನ್ನ ಹಿಂದೆ. ಅದರ ಹಿಂದೆ ಗೇರ್‌ಬಾಕ್ಸ್, ಕೊನೆಯಲ್ಲಿ ಸೈಲೆನ್ಸರ್. ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನಿಂದ ಹೊರಟ ಹೊಗೆ ಕಾರಿನುದ್ದಕ್ಕೂ ಹಾದು, ತಕ್ಕಮಟ್ಟಿಗೆ ತಣಿದು ಹಿಂಬದಿಗೆ ಬರುತ್ತದೆ. ಇಲ್ಲಿ ಆ ದಾರಿಯೇ ತೀರಾ ಚಿಕ್ಕದು. ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡುವಾಗಿನ ಉಷ್ಣತೆ ಸುಮಾರು 400ರಿಂದ 800 ಡಿಗ್ರಿ ಸೆಲ್ಸಿಯಸ್. ಅಷ್ಟು ಬಿಸಿಯ ಭಾಗಗಳು ಬಂಪರಿಗೆ ಹತ್ತಿರದಲ್ಲೇ ಕೂತಿರುತ್ತವೆ.

ಜೋತು ಬೀಳುವುದು ಏಕೆ?

ಮುಂಬೈಯ ಕಾಲಿ-ಪೀಲಿ ಟ್ಯಾಕ್ಸಿಯಾಗಿದ್ದ ಪ್ರೀಮಿಯರ್ ಪದ್ಮಿನಿ ನೆನಪಿದೆಯೇ? ಅದರ ಮೂಲವೂ ಇಟಲಿಯ ಫಿಯೆಟ್. ಅದರ ಬಂಪರ್ ಉಕ್ಕಿನ ಪಟ್ಟಿ. ಗುದ್ದಿದರೆ ತಗ್ಗಾಗುತ್ತಿತ್ತೇ ಹೊರತು ತನ್ನಷ್ಟಕ್ಕೆ ಬಾಗುತ್ತಿರಲಿಲ್ಲ. ನಂತರದ ಕಾರುಗಳಲ್ಲಿ ನಾವು ಬಂಪರ್ ಎನ್ನುವುದು ಬಹುಮಟ್ಟಿಗೆ ಪ್ಲಾಸ್ಟಿಕ್ ಅಥವಾ ಫೈಬರಿನ ಹೊದಿಕೆ. ಅದನ್ನು ಹಿಡಿದಿಡುವುದು ಒಳಗಿನ ಕೆಲವು ಬ್ರಾಕೆಟ್ಟುಗಳು ಮತ್ತು ಬೋಲ್ಟುಗಳು.

ಪ್ಲಾಸ್ಟಿಕ್ಕಿಗೆ ಒಂದು ಗುಣವಿದೆ. ಒಂದೇ ಭಾರ ವರ್ಷಗಟ್ಟಲೆ ಬಿದ್ದರೆ ಅದು ಮುರಿಯದೆ ನಿಧಾನವಾಗಿ ಬಾಗುತ್ತದೆ. ಪುಸ್ತಕದ ಭಾರಕ್ಕೆ ಕಪಾಟಿನ ಹಲಗೆ ಬಾಗಿದಂತೆ. ಬಿಸಿ ಇದ್ದರೆ ಈ ಬಾಗುವಿಕೆ ಇನ್ನೂ ಬೇಗ. ಕಾರು ಓಡುವಾಗ ಗಾಳಿ ಆಡುತ್ತದೆ. ನಿಲ್ಲಿಸಿದ ಮೇಲೆ ಗಾಳಿ ಇಲ್ಲ, ಸೈಲೆನ್ಸರಿನ ಬಿಸಿಯೆಲ್ಲ ಮೇಲಕ್ಕೇರಿ ಬಂಪರಿನ ಒಳಮೈಗೆ ಬಡಿಯುತ್ತದೆ. ಹಾಗಾಗಿ ಕಾರು ನಿಂತ ಮೇಲೂ ಹಾನಿ ಆಗಬಹುದು.

ಇನ್ನೊಂದು ಕಾರಣ ಹಿಗ್ಗುವಿಕೆ. ಒಂದೂವರೆ ಮೀಟರ್ ಉದ್ದದ ಪ್ಲಾಸ್ಟಿಕ್ ಬಂಪರ್ 50 ಡಿಗ್ರಿ ಬಿಸಿ ಏರಿದರೆ ಸುಮಾರು 7 ಮಿಲಿಮೀಟರ್ ಹಿಗ್ಗಬಹುದು. ಅಷ್ಟೇ ಉದ್ದದ ಉಕ್ಕು ಹಿಗ್ಗುವುದು ಒಂದು ಮಿಲಿಮೀಟರಿಗೂ ಕಡಿಮೆ. ಎರಡೂ ತುದಿಗಳನ್ನು ಅಲುಗದಂತೆ ಬಿಗಿದಿದ್ದರೆ ಹಿಗ್ಗಿದ ಭಾಗಕ್ಕೆ ಹೋಗಲು ಜಾಗವಿಲ್ಲ, ನಡುವೆ ಉಬ್ಬುತ್ತದೆ ಇಲ್ಲವೇ ಕೆಳಗಿಳಿಯುತ್ತದೆ. ಬೋಲ್ಟಿನ ತೂತುಗಳನ್ನು ಉದ್ದುದ್ದ ಮಾಡಿರುವುದು ಇದಕ್ಕೇ.

ಮೊದಲು ಪರೀಕ್ಷೆ, ಆಮೇಲೆ ಸ್ಪ್ಯಾನರ್

ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಪೂರ್ತಿ ತಣಿದ ಮೇಲೆ ಎಡ, ಮಧ್ಯ, ಬಲ ಮೂರೂ ಕಡೆ ಸಂದನ್ನು ಅಳೆದು ಬರೆದಿಡಿ. ಫೋಟೋ ತೆಗೆಯಿರಿ. ನಂತರ ಜೋತ ಜಾಗವನ್ನು ಕೈಯಿಂದ ಮೆಲ್ಲಗೆ ಮೇಲಕ್ಕೆತ್ತಿ ನೋಡಿ.

* ಸುಲಭವಾಗಿ ಮೇಲೆದ್ದು ಸರಿಯಾಗಿ ಕೂತರೆ, ಹೊದಿಕೆ ಚೆನ್ನಾಗಿದೆ. ಒಳಗಿನ ಬ್ರಾಕೆಟ್, ಬೋಲ್ಟ್ ಅಥವಾ ಕ್ಲಿಪ್ ಹೋಗಿದೆ.
* ಎತ್ತಿದರೂ ಅಲೆಯಂತೆ ಬಾಗಿಯೇ ಇದ್ದರೆ, ಹೊದಿಕೆಯೇ ರೂಪ ಕಳೆದುಕೊಂಡಿದೆ.
* ಇಡೀ ಬಂಪರ್ ಒಂದೇ ಕಡೆಗೆ ವಾಲಿದ್ದರೆ, ಹಳೆಯ ಅಪಘಾತದ ಅನುಮಾನ ಬರಬೇಕು. ಒಳಗಿನ ಚೌಕಟ್ಟನ್ನೂ ಅಳೆಯಬೇಕು.
* ಒಂದು ಪಕ್ಕದಲ್ಲಿ ಮಾತ್ರ ಬಣ್ಣ ಗುಳ್ಳೆ ಎದ್ದಿದ್ದರೆ ಅಥವಾ ಒಳಮೈ ಕಂದಾಗಿದ್ದರೆ, ಬಿಸಿಯ ಮೂಲ ಹುಡುಕದೆ ಬಂಪರ್ ಮುಟ್ಟಬೇಡಿ.

ಕೊನೆಯ ಅಂಶ ಎಲ್ಲಕ್ಕಿಂತ ಗಂಭೀರ. ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ ಉಳಿದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಅದು ಮಿತಿಮೀರಿ ಕಾಯುತ್ತದೆ. ಇದಕ್ಕೆಂದೇ ಆ ಕಾಲದ ಫೆರಾರಿಗಳ ಡ್ಯಾಶ್‌ಬೋರ್ಡಿನಲ್ಲಿ ‘ಸ್ಲೋ ಡೌನ್’ ಎಂಬ ಎಚ್ಚರಿಕೆ ದೀಪವಿದೆ. ವಯಸ್ಸಾದ ಸೆನ್ಸರುಗಳು ಸುಳ್ಳು ಸೂಚನೆ ಕೊಡುವುದೂ ಉಂಟು. ಇದರಿಂದ ಮಾಲೀಕರು ದೀಪವನ್ನೇ ಕಡೆಗಣಿಸುತ್ತಾರೆ. ಬಂಪರಿನ ಒಂದು ಪಕ್ಕ ಸುಟ್ಟಿದ್ದು ಆ ದೀಪವೂ ಉರಿದಿದ್ದರೆ ಅದನ್ನು ಸುಳ್ಳು ಎನ್ನುವಂತಿಲ್ಲ. ಎಫ್355ರಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಡುವುದು ಎಲ್ಲರಿಗೂ ಗೊತ್ತಿರುವ ದೋಷ, ಅದನ್ನೂ ಇದೇ ಹೊತ್ತಿನಲ್ಲಿ ನೋಡಿಸಬೇಕು.

ಬಿಚ್ಚುವಾಗ ಎಚ್ಚರ

ಕಾರನ್ನು ಎತ್ತಲು ಕಂಪನಿ ಸೂಚಿಸಿದ ಜಾಗದಲ್ಲೇ ಜಾಕ್ ಕೊಡಿ, ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕಾರಿನಡಿಗೆ ಹೋಗಲೇಬಾರದು. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬಲವಂತ ಮಾಡಿದರೆ ಬೋಲ್ಟಿನ ಜೊತೆ ಅದು ಕೂತ ಜಾಗವೂ ಕಿತ್ತು ಬರುತ್ತದೆ. ಬಂಪರ್ ಇಳಿಸಲು ಇಬ್ಬರು ಬೇಕು. ನಂಬರ್ ಪ್ಲೇಟ್ ದೀಪದ ವೈರ್ ಇದ್ದರೆ ಮೊದಲೇ ಕಳಚಿ. ಯಾವ ಬೋಲ್ಟ್ ಎಲ್ಲಿಯದು ಎಂದು ಚೀಟಿ ಬರೆದು ಬೇರೆ ಬೇರೆ ಕವರಿನಲ್ಲಿಡಿ.

ದುರಸ್ತಿಗೆ ಮೂರು ದಾರಿ

ಹಿಡಿತದ ದೋಷ: ಬಾಗಿದ ಬ್ರಾಕೆಟ್ ನೇರ ಮಾಡಿ, ತುಕ್ಕು ತೆಗೆದು ಬಣ್ಣ ಹಚ್ಚಿದರೆ ಸಾಕು. ತೂತು ಸವೆದು ದೊಡ್ಡದಾಗಿದ್ದರೆ ಅಗಲವಾದ ವಾಷರ್ ಹಾಕಿ, ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಎರಡು-ಮೂರು ಮಿಲಿಮೀಟರ್ ವ್ಯತ್ಯಾಸಕ್ಕೆ ಬ್ರಾಕೆಟ್ಟಿನಡಿ ತೆಳು ತಗಡು ಕೊಟ್ಟರೂ ಆಗುತ್ತದೆ. ಅಲ್ಯೂಮಿನಿಯಂ ಮೇಲೆ ಸ್ಟೀಲ್ ಬೋಲ್ಟ್ ಕೂರುವ ಕಡೆ ನೈಲಾನ್ ವಾಷರ್ ಇರಲಿ. ಇಲ್ಲದಿದ್ದರೆ ತೇವ ಸೇರಿ ಅಲ್ಯೂಮಿನಿಯಂ ಸವೆಯುತ್ತದೆ.

ನಡುಭಾಗದ ಇಳಿತ: ಬಂಪರಿನ ಒಳಗಡೆ, ಹೊರಗೆ ಕಾಣದಂತೆ, ಅಲ್ಯೂಮಿನಿಯಂ ಪಟ್ಟಿಯೊಂದನ್ನು ಉದ್ದಕ್ಕೂ ಆಧಾರವಾಗಿ ಕೊಡುವುದು ಉಪಾಯ. ಈಗಾಗಲೇ ಇರುವ ಬೋಲ್ಟುಗಳಿಗೇ ಅದನ್ನು ಸೇರಿಸಬೇಕು. ಹೊಸ ತೂತು ಕೊರೆಯಬಾರದು. ಮುಂದೆ ಬೇಕೆಂದಾಗ ಬಿಚ್ಚಿದರೆ ಕಾರು ಮೊದಲಿನಂತೆ ಇರಬೇಕು.

ರೂಪ ಕಳೆದುಕೊಂಡ ಹೊದಿಕೆ: ಇಲ್ಲಿ ವಸ್ತು ಯಾವುದೆಂದು ತಿಳಿಯದೆ ಬಿಸಿ ಮಾಡಬಾರದು. ಒಳಮೈಯಲ್ಲಿ ಅಚ್ಚೊತ್ತಿದ ಗುರುತು ಹುಡುಕಿ. ಪಿಪಿ ಎಂದಿದ್ದರೆ ಪಾಲಿಪ್ರೊಪಿಲೀನ್. ಇದು ಬಿಸಿಗೆ ಮೆದುವಾಗಿ, ತಣಿದಾಗ ಕೊಟ್ಟ ರೂಪದಲ್ಲಿ ನಿಲ್ಲುತ್ತದೆ. ಕರಗುವುದು ಸುಮಾರು 160 ಡಿಗ್ರಿಗೆ. ಹೀಟ್ ಗನ್ ಬಾಯಲ್ಲಿ 400 ಡಿಗ್ರಿ ದಾಟುವುದರಿಂದ ದೂರ ಹಿಡಿದು, ಆಡಿಸುತ್ತಾ, ಒಳಗಡೆಯಿಂದ ನಿಧಾನವಾಗಿ ಕಾಯಿಸಬೇಕು. ಆಮೇಲೆ ಮರದ ಅಚ್ಚಿನ ಮೇಲೆ ಕಟ್ಟಿ ಒಂದು ರಾತ್ರಿ ಬಿಡಬೇಕು. ಹೊರಗಿನ ಬಣ್ಣ ಬಿರಿಯುವ ಸಾಧ್ಯತೆ ಇರುವುದರಿಂದ ಪೇಂಟಿಂಗ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಗಾಜಿನ ನಾರಿನ ಫೈಬರ್ ಆಗಿದ್ದರೆ ಈ ವಿಧಾನ ನಡೆಯುವುದಿಲ್ಲ. ಅದು ಬಿಸಿಗೆ ಮೆದುವಾಗಿ ಹೊಸ ರೂಪ ತಾಳುವುದಿಲ್ಲ. ಒಳಗಡೆ ಉಜ್ಜಿ, ನಾರಿನ ಬಟ್ಟೆ ಮತ್ತು ರೆಸಿನ್ ಪದರ ಕೊಟ್ಟು ಗಟ್ಟಿ ಮಾಡಬೇಕು.

ಬಿಸಿ ತಡೆಯದಿದ್ದರೆ ಎಲ್ಲ ವ್ಯರ್ಥ

ಬಂಪರ್ ನೇರವಾಯಿತೆಂದು ಕೆಲಸ ಮುಗಿಯುವುದಿಲ್ಲ. ಕಾರಣ ಅಲ್ಲೇ ಉಳಿದರೆ ಎರಡು ಬೇಸಿಗೆಯಲ್ಲಿ ಮತ್ತೆ ಅದೇ ಪಾಡು. ಸೈಲೆನ್ಸರನ್ನು ಹಿಡಿದ ರಬ್ಬರುಗಳು ಸಡಿಲಾಗಿದ್ದರೆ ಬದಲಿಸಿ. ನಾಲ್ಕೂ ಹೊಗೆಕೊಳವೆಗಳು ಬಂಪರಿನ ಕಿಂಡಿಯ ನಡುವೆ ಸರಿಯಾಗಿ ಕೂತಿರಬೇಕು. ಹಿಂದಿನ ರಿಪೇರಿಯಲ್ಲಿ ಬಿಚ್ಚಿದ ಶಾಖ ತಡೆಯುವ ತಗಡನ್ನು ಯಾರೋ ಮತ್ತೆ ಹಾಕದೆ ಬಿಟ್ಟಿರುವುದೂ ಸಾಮಾನ್ಯ. ತಗಡಿಗೂ ಬಂಪರಿಗೂ ನಡುವೆ ಗಾಳಿ ಆಡುವಷ್ಟು ಜಾಗವಿರಲಿ. ತಗಡೇ ಬಂಪರಿಗೆ ಅಂಟಿಕೊಂಡರೆ ಬಿಸಿಯನ್ನು ತಡೆಯುವ ಬದಲು ದಾಟಿಸುತ್ತದೆ.

ಮತ್ತೆ ಜೋಡಿಸುವಾಗ ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿ ಹಾಕಿ, ಸಂದು ಸಮ ಮಾಡಿ, ನಡುವಿನಿಂದ ತುದಿಗಳ ಕಡೆಗೆ ಬಿಗಿಯುತ್ತಾ ಹೋಗಿ. ಉದ್ದ ತೂತಿನ ಬೋಲ್ಟುಗಳನ್ನು ಅತಿಯಾಗಿ ಬಿಗಿಯಬೇಡಿ. ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ತಣಿದ ಮೇಲೆ ಮತ್ತೆ ಅಳೆಯಿರಿ. ಮೊದಲು ಬರೆದಿಟ್ಟ ಅಳತೆ ಈಗ ಉಪಯೋಗಕ್ಕೆ ಬರುತ್ತದೆ.

ಇವನ್ನು ಮಾಡಬೇಡಿ

* ಹೊರಗಿನಿಂದ ಸ್ಕ್ರೂ ಹೊಡೆಯಬೇಡಿ.
* ಬಂಪರನ್ನು ಸೈಲೆನ್ಸರಿಗೆ ತಂತಿಯಿಂದ ಕಟ್ಟಬೇಡಿ.
* ಒಳಗೆ ಉಬ್ಬುವ ಫೋಮ್ ತುಂಬಬೇಡಿ. ಬಿಸಿ ಭಾಗದ ಪಕ್ಕ ಅದು ಬೆಂಕಿಗೆ ಆಹಾರ.
* ತೆಗೆದ ಹಳೆಯ ಭಾಗಗಳನ್ನು ಎಸೆಯಬೇಡಿ. ಇಂಥ ಕಾರುಗಳಲ್ಲಿ ಮೂಲ ಬಿಡಿಭಾಗಕ್ಕೆ ಬೆಲೆ ಇದೆ, ಮಾರುವಾಗ ಕೊಳ್ಳುವವರು ಕೇಳುವುದೂ ಅದನ್ನೇ.

ನಮ್ಮ ಮನೆ ಮುಂದಿನ ಸಣ್ಣ ಕಾರಿನ ಬಂಪರ್ ಜೋತಾಗ ಕಾರಣ ಬಹುಪಾಲು ರೋಡ್ ಹಂಪಿಗೆ ತಾಗಿ ಮುರಿದ ಕ್ಲಿಪ್ ಆಗಿರುತ್ತದೆ, ಬದಲಿಸಿದರೆ ಮುಗಿಯಿತು. ಆದರೂ ಪಾಠ ಒಂದೇ. ಏನು ಜೋತಿದೆ ಎಂದು ನೋಡುವ ಮೊದಲು ಏಕೆ ಜೋತಿದೆ ಎಂದು ಕೇಳಿದರೆ, ಒಮ್ಮೆ ಮಾಡಿದ ದುರಸ್ತಿ ಬಹುಕಾಲ ಉಳಿಯುತ್ತದೆ.