ಉಪವಾಸವೋ, ಉಣ್ಣಲಾರದ ರೋಗವೋ?

ಕೊಂಗುನಾಡಿನ ಕಾಂಗೇಯಂ ಎಂದೊಡನೆ ರೈತರಿಗೆ ನೆನಪಾಗುವುದು ಆ ಊರಿನ ಹೆಸರು ಹೊತ್ತ ಎತ್ತುಗಳು. ವ್ಯಾಪಾರಸ್ಥರಿಗಾದರೆ ಅಕ್ಕಿ ಗಿರಣಿ, ಕೊಬ್ಬರಿ ಎಣ್ಣೆ. ಅಲ್ಲಿಂದ ಉತ್ತರಕ್ಕೆ ಹೋದರೆ ಈರೋಡು ಜಿಲ್ಲೆಯ ವಿಜಯಮಂಗಲದಲ್ಲಿ ಚಂದ್ರಪ್ರಭ ತೀರ್ಥಂಕರರ ಪುರಾತನ ಬಸದಿಯಿದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತೋ! ಅಲ್ಲಿನ ಕಂಬವೊಂದರಲ್ಲಿ ಪುಳಿಯಬ್ಬೆಯ ಹೆಸರಿದೆ. ಈಕೆ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ತಂಗಿ. ಸಲ್ಲೇಖನದಿಂದ ದೇಹ ಬಿಟ್ಟ ಆಕೆಯ ನಿಷಿಧಿ ಅದು.

ಆ ಕಂಬದಿಂದ ಈ ಲೇಖನ ಆರಂಭಿಸಲು ಕಾರಣವಿದೆ. ಆಹಾರ ಬಿಡುವುದನ್ನು ಗೌರವಿಸುವ ಸಮಾಜ ನಮ್ಮದು. ಗುರುಗಳ ಸಾಕ್ಷಿಯಾಗಿ, ಸಮಾಜಕ್ಕೆ ತಿಳಿದು, ಕಲ್ಲಿನಲ್ಲಿ ಬರೆಯಿಸಿ ನೆನೆಯುವಂಥ ತ್ಯಾಗದ ಪರಂಪರೆ ನಮಗಿದೆ. ಆದರೆ ಇದೇ ಗೌರವದ ಮರೆಯಲ್ಲಿ ಒಂದು ಕಾಯಿಲೆ ಅಡಗಿ ಕೂರಬಲ್ಲದು. ಅದು ಇರುವುದು ಹೊಟ್ಟೆಯಲ್ಲಲ್ಲ, ಮನಸ್ಸಿನಲ್ಲಿ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳಿಗೆ ಹದಿನೆಂಟು ವರ್ಷ. ಕೊಯಮತ್ತೂರಿನಲ್ಲಿ ಕಾಲೇಜು, ಹಾಸ್ಟೆಲ್ ವಾಸ. ರಜೆಗೆ ಬಂದಾಗ ಯಾರೋ ನೆಂಟರು "ಹಾಸ್ಟೆಲ್ ಊಟ ಚೆನ್ನಾಗಿ ಮೈಗೆ ಹತ್ತಿದೆ" ಎಂದು ನಕ್ಕರು. ಅಷ್ಟೇ. ಮುಂದಿನ ಸಲ ಬಂದಾಗ ಅವಳು ಅಷ್ಟಮಿ, ಚತುರ್ದಶಿಗೆ ಉಪವಾಸ ಹಿಡಿದಿದ್ದಳು. ಅಜ್ಜಿಯ ಕಣ್ಣಲ್ಲಿ ಆನಂದಬಾಷ್ಪ. ಆಮೇಲೆ ಏಕಾಶನ ಬಂತು. ತುಪ್ಪ ಬಿಟ್ಟಳು, ಸಕ್ಕರೆ ಬಿಟ್ಟಳು, ಹಾಲು ಬಿಟ್ಟಳು, ರಸಪರಿತ್ಯಾಗ ಎಂದಳು. ಬಸದಿಗೆ ಬಾ ಎಂದರೆ ಮಾತ್ರ ತಲೆನೋವು, ಸ್ವಾಧ್ಯಾಯಕ್ಕೆ ಪುರುಸೊತ್ತಿಲ್ಲ. ತೂಕದ ಮೆಷಿನ್ ಮೇಲೆ ದಿನಕ್ಕೆ ಮೂರು ಸಲ ನಿಲ್ಲುವುದು ತಪ್ಪುವುದಿಲ್ಲ. ತಮ್ಮನಿಗೆ ದೋಸೆ ಹುಯ್ದು ಹುಯ್ದು ಬಡಿಸುತ್ತಾಳೆ, ತಾನು ಮುಟ್ಟುವುದಿಲ್ಲ. ಸೆಖೆಯಲ್ಲೂ ಚಳಿಯೆಂದು ಶಾಲು ಹೊದೆಯುತ್ತಾಳೆ. ಮುಟ್ಟು ನಿಂತು ನಾಲ್ಕು ತಿಂಗಳಾಗಿದ್ದು ತಾಯಿಗೆ ಗೊತ್ತಾಗುವಾಗ ಅವಳು ಅರ್ಧ ಆಳಾಗಿದ್ದಾಳೆ.

ವೈದ್ಯರು ಇದನ್ನು ಅನೊರೆಕ್ಸಿಯಾ ನರ್ವೋಸಾ ಎನ್ನುತ್ತಾರೆ. 1873ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಲ್ ಇಟ್ಟ ಹೆಸರು. ಹೆಸರಿನ ಅರ್ಥ ಹಸಿವಿಲ್ಲದಿರುವುದು. ವಾಸ್ತವದಲ್ಲಿ ಹಸಿವು ಇರುತ್ತದೆ, ರೋಗಿ ಅದರೊಡನೆ ಹಗಲಿರುಳೂ ಹೋರಾಡುತ್ತಿರುತ್ತಾಳೆ. ಗಂಡುಮಕ್ಕಳಿಗೂ ಬರುತ್ತದೆ, ಹೆಣ್ಣುಮಕ್ಕಳಲ್ಲಿ ಹೆಚ್ಚು. ಇನ್ನೊಂದು ಬುಲಿಮಿಯಾ: ತಡೆಯಲಾಗದೆ ಒಮ್ಮೆಲೇ ವಿಪರೀತ ತಿನ್ನುವುದು, ಬಳಿಕ ಭಯದಿಂದ ವಾಂತಿ ಮಾಡಿಕೊಳ್ಳುವುದು. ಇಂಥವರ ತೂಕ ಸಾಧಾರಣವಾಗಿಯೇ ಇರುವುದರಿಂದ ಮನೆಯವರಿಗೆ ಅನುಮಾನವೇ ಬರುವುದಿಲ್ಲ.

"ಇದೆಲ್ಲ ಪರದೇಶದ ಖಾಯಿಲೆ" ಎನ್ನುವವರಿದ್ದಾರೆ. 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಬೆಂಗಳೂರಿನ ಮನೋವೈದ್ಯರನ್ನು ಕೇಳಿದಾಗ ಮೂರರಲ್ಲಿ ಎರಡು ಪಾಲು ವೈದ್ಯರು ತಾವು ಇಂಥ ರೋಗಿಗಳನ್ನು ನೋಡಿರುವುದಾಗಿ ಹೇಳಿದರು. ಇದಕ್ಕಿಂತ ಕುತೂಹಲದ ಸಂಗತಿ ಇನ್ನೊಂದಿದೆ. 1989ರಲ್ಲಿ ಕಿಂಗ್ ಮತ್ತು ಭುಗ್ರಾ ಎಂಬ ಸಂಶೋಧಕರು ಉತ್ತರ ಭಾರತದ ಶಾಲಾ ಬಾಲಕಿಯರಿಗೆ ಇಂಗ್ಲಿಷ್ ಮೂಲದ ಪ್ರಶ್ನಾವಳಿ ಕೊಟ್ಟು ನೋಡಿದರು. ರೋಗವಿರಬಹುದು ಎನ್ನುವ ಅಂಕ ಬಹಳ ಮಂದಿಗೆ ಬಂದುಬಿಟ್ಟಿತು. ಕಾರಣ ಹುಡುಕಿದರೆ, ಕೆಲವು ಪ್ರಶ್ನೆಗಳನ್ನು ಮಕ್ಕಳು ವ್ರತ, ಉಪವಾಸ, ಮನೆಯ ಶಿಸ್ತಿನ ಅರ್ಥದಲ್ಲಿ ತಿಳಿದುಕೊಂಡಿದ್ದರು! ಅಂದರೆ ಆರೋಗ್ಯವಂತೆಯ ವ್ರತವನ್ನು ವೈದ್ಯ ರೋಗವೆಂದು ತಿಳಿಯಬಹುದು. ರೋಗಿಯ ರೋಗವನ್ನು ನಾವು ವ್ರತವೆಂದು ತಿಳಿಯಬಹುದು. ಎರಡೂ ಅಪಾಯವೇ. ಎರಡನೆಯದರಲ್ಲಿ ಜೀವ ಹೋಗುತ್ತದೆ.

ಈ ಗೊಂದಲ ನಮ್ಮೊಬ್ಬರದೇ ಅಲ್ಲ. ಇಟಲಿಯ ಸಿಯೆನಾದ ಸಂತ ಕ್ಯಾಥರೀನ್ 1380ರಲ್ಲಿ, ತನ್ನ 33ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಆಹಾರವನ್ನು ಬಹುಮಟ್ಟಿಗೆ ಬಿಟ್ಟಿದ್ದಳು. ಅದು ತಪಸ್ಸೋ ರೋಗವೋ ಎಂದು ವಿದ್ವಾಂಸರು ಈಗಲೂ ಚರ್ಚಿಸುತ್ತಾರೆ.

ಹಾಗಾದರೆ ಗುರುತಿಸುವುದು ಹೇಗೆ? ನನಗೆ ಅನ್ನಿಸುವಂತೆ ಇದಕ್ಕೆ ನಮ್ಮ ಶಾಸ್ತ್ರವೇ ಒಳ್ಳೆಯ ಅಳತೆಗೋಲು ಕೊಟ್ಟಿದೆ. ವ್ರತಿಯಾದವನು ಮಾಯೆ, ಮಿಥ್ಯೆ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನಾಗಿರಬೇಕು ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. "ಗೆಳತಿಯ ರೂಮಿನಲ್ಲಿ ಊಟ ಆಯಿತಮ್ಮ" ಎಂದು ಸುಳ್ಳು ಹೇಳಿ, ತಟ್ಟೆಯ ಅನ್ನವನ್ನು ಕಾಗದದಲ್ಲಿ ಸುತ್ತಿ ಎಸೆಯುವುದು ಮಾಯೆ. ಎಲುಬು ಕಾಣುತ್ತಿದ್ದರೂ ಕನ್ನಡಿಯಲ್ಲಿ ದಪ್ಪವಾಗಿಯೇ ಕಾಣುವುದು ಮಿಥ್ಯೆ ಎಂದರೆ ತಪ್ಪಾಗಲಾರದು. ತೆಳ್ಳಗಾಗಲೆಂಬ ಫಲ ಬಯಸುವುದು ನಿದಾನ. ಷೋಡಶಕಾರಣ ಭಾವನೆಗಳಲ್ಲಿಯೂ ತಪಕ್ಕೆ "ಶಕ್ತಿತಃ" ಎಂಬ ಮಾತು ಸೇರಿದೆ: ಶಕ್ತಿ ಇದ್ದಷ್ಟು. ಇನ್ನೂ ಒಂದು ಪರೀಕ್ಷೆಯುಂಟು. ಮುನಿಮಹಾರಾಜರೋ ಮಾತಾಜಿಯವರೋ "ಸಾಕು ಮಗಳೇ, ಪಾರಣೆ ಮಾಡು" ಎಂದಾಗ ವ್ರತ ಮಾಡಿದವಳು ಕೈಮುಗಿದು ಪಾರಣೆ ಮಾಡುತ್ತಾಳೆ. ರೋಗ ಹಿಡಿದವಳು ಅಳುತ್ತಾಳೆ, ಸಿಟ್ಟಾಗುತ್ತಾಳೆ, ಮರುದಿನಕ್ಕೆ ಹೊಸ ನಿಯಮವೊಂದನ್ನು ಹುಡುಕುತ್ತಾಳೆ.

ಇದು ಹಟಮಾರಿತನವೆಂದು ಹೊಡೆಯುವವರು, ಬೈಯುವವರು ಒಂದು ಪ್ರಯೋಗದ ವಿಷಯ ತಿಳಿಯಬೇಕು. 1944-45ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಸ್ವ-ಇಚ್ಛೆಯಿಂದ ಬಂದ 36 ಮಂದಿ ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಅವರು ಬರೀ ಸೊರಗಲಿಲ್ಲ. ಅಡುಗೆ ಪುಸ್ತಕ ಓದತೊಡಗಿದರು, ಒಂದು ತಟ್ಟೆ ಊಟವನ್ನು ಗಂಟೆಗಟ್ಟಲೆ ಕಲಸುತ್ತ ಕೂತರು, ಕಿರಿಕಿರಿ, ಖಿನ್ನತೆ, ಒಂಟಿತನ. ಅಂದರೆ ಹಸಿವೇ ಮನಸ್ಸನ್ನು ಕೆಡಿಸುತ್ತದೆ. ಕೆಟ್ಟ ಮನಸ್ಸು ಮತ್ತೆ ಊಟ ಬಿಡಿಸುತ್ತದೆ. ಈ ಸುಳಿಯಲ್ಲಿ ಬಿದ್ದವಳಿಗೆ "ಸುಮ್ಮನೆ ತಿನ್ನು" ಎಂದರೆ ಏನು ಪ್ರಯೋಜನ?

2016ರಲ್ಲಿ ಹೈದರಾಬಾದಿನಲ್ಲಿ 68 ದಿನಗಳ ಉಪವಾಸ ಮುಗಿಸಿದ 13 ವರ್ಷದ ನಮ್ಮ ಸಮಾಜದ ಬಾಲಕಿಯೊಬ್ಬಳು ತೀರಿಕೊಂಡದ್ದು ದೇಶವೆಲ್ಲ ಸುದ್ದಿಯಾಯಿತು. ಆ ಮಗುವಿಗೆ ಈ ಕಾಯಿಲೆ ಇತ್ತೆಂದು ನಾನು ಹೇಳುತ್ತಿಲ್ಲ, ಆ ಮನೆಯವರ ದುಃಖವನ್ನು ಕೆದಕುವ ಮನಸ್ಸೂ ಇಲ್ಲ. ಆದರೆ ಬೆಳೆಯುವ ಮಕ್ಕಳ ದೀರ್ಘ ಉಪವಾಸಕ್ಕೆ ಹಾರ ಹಾಕಿ ಮೆರವಣಿಗೆ ಮಾಡುವಾಗ, ಒಳಗೊಳಗೇ ಸೊರಗುತ್ತಿರುವ ಇನ್ನೊಂದು ಹುಡುಗಿ ಆ ಗುಂಪಿನಲ್ಲಿ ನಿಂತು ಅದನ್ನು ನೋಡುತ್ತಿರಬಹುದು.

ಈಗ ಇನ್ನೊಂದು ಮಗ್ಗುಲು. ತಿನ್ನಲಾರದವರು ಒಂದೆಡೆಯಾದರೆ, ತಿನ್ನುವುದನ್ನು ನಿಲ್ಲಿಸಲಾರದವರು ಇನ್ನೊಂದೆಡೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನ ಹೆಂಗಸರಲ್ಲಿ ಶೇಕಡಾ 40ರಷ್ಟು ಮಂದಿಗೆ ತೂಕ ಹೆಚ್ಚು. ಕಾಂಗೇಯಂ, ತಿರುಪ್ಪೂರಿನವರಿಗೆ ದೊಡ್ಡಾಸ್ಪತ್ರೆಗಳ ಊರು ಕೊಯಮತ್ತೂರು. ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆಗೆ ಹೆಸರಾದ ಡಾ. ಸಿ. ಪಳನಿವೇಲು ಅವರ ಜೆಮ್ ಆಸ್ಪತ್ರೆ ಇರುವುದೂ ಅಲ್ಲಿಯೇ. ತೂಕ ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಈಗ ಅಪರೂಪವಲ್ಲ. ಜಠರದ ಸುಮಾರು ನಾಲ್ಕರಲ್ಲಿ ಮೂರು ಪಾಲನ್ನು ತೆಗೆದು ಕೊಳವೆಯಂತೆ ಮಾಡುವುದು ಒಂದು ವಿಧಾನ, ಚಿಕ್ಕ ಚೀಲ ಮಾಡಿ ಕರುಳಿಗೆ ಜೋಡಿಸುವುದು ಇನ್ನೊಂದು. ಸಕ್ಕರೆ ಕಾಯಿಲೆ, ಮಂಡಿನೋವು, ಉಸಿರಿನ ತೊಂದರೆ ಇರುವ ಅತಿ ಸ್ಥೂಲಕಾಯರಿಗೆ ಇದರಿಂದ ನಿಜವಾದ ಉಪಕಾರವಿದೆ. ಇದನ್ನು ಸೋಮಾರಿಗಳ ದಾರಿ ಎಂದು ಹಂಗಿಸುವುದು ಅಜ್ಞಾನ.

ಆದರೆ ಶಸ್ತ್ರವೈದ್ಯರ ಕತ್ತರಿ ಜಠರಕ್ಕೆ ತಾಗುತ್ತದೆ, ಮನಸ್ಸಿಗಲ್ಲ. ನಮ್ಮ ಮನೆಗಳಲ್ಲಿ ಸೂರ್ಯಾಸ್ತಕ್ಕೆ ಮೊದಲು ಎಲ್ಲರೊಡನೆ ಎರಡು ಚಪಾತಿ ತಿಂದು ಎದ್ದ ಗೃಹಿಣಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ಕತ್ತಲಲ್ಲಿ ಡಬ್ಬಿಯ ಚಕ್ಕುಲಿಗೆ ಕೈಹಾಕುತ್ತಾಳೆ. ಹಸಿವಿನಿಂದಲ್ಲ, ಅತ್ತೆಯ ಮಾತಿಗೋ, ಗಂಡನ ಮೌನಕ್ಕೋ, ಹಳೆಯ ಯಾವುದೋ ನೋವಿಗೋ. ರಾತ್ರಿಭೋಜನ ತ್ಯಾಗದ ನಿಯಮ ಮುರಿದ ಪಾಪಭೀತಿ ಬೇರೆ ಸೇರುತ್ತದೆ. "ಹೇಗೂ ಮುರಿಯಿತಲ್ಲ" ಎಂದು ಇನ್ನಷ್ಟು ತಿನ್ನುತ್ತಾಳೆ. ತಡೆಯಲಾಗದ ಈ ತಿನ್ನುವಿಕೆಗೆ 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಸ್ವತಂತ್ರ ರೋಗದ ಸ್ಥಾನವಿದೆ.

ಇಂಥವಳು ಇದನ್ನು ಮುಚ್ಚಿಟ್ಟು ಶಸ್ತ್ರಚಿಕಿತ್ಸೆಗೆ ಹೋದರೆ? ಮೊದಲ ವರ್ಷ ತೂಕ ಇಳಿಯುತ್ತದೆ, ಎಲ್ಲರೂ ಹೊಗಳುತ್ತಾರೆ. ಬಳಿಕ ದೊಡ್ಡ ಊಟ ಹಿಡಿಸದಿದ್ದರೂ ಚೂರುಚೂರಾಗಿ ದಿನವಿಡೀ ಮೆಲ್ಲುವುದು ಶುರುವಾಗಿ ತೂಕ ಮರಳುತ್ತದೆ. ಕೆಲವರು ಇದಕ್ಕೆ ತಿರುಗುಮುರುಗಾಗಿ, ತೂಕ ಮರಳುವ ಭಯದಿಂದ ಊಟವನ್ನೇ ಬಿಡುತ್ತಾರೆ. ಬೈಪಾಸ್ ಆದವರಲ್ಲಿ ಎರಡನೆಯ ವರ್ಷದಿಂದ ಮದ್ಯದ ಚಟ ಹೆಚ್ಚುವುದನ್ನೂ ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅದಕ್ಕೇ ಶಸ್ತ್ರಚಿಕಿತ್ಸೆಗೆ ಮೊದಲು ಮನಃಶಾಸ್ತ್ರಜ್ಞರು ಕೂರಿಸಿಕೊಂಡು ಮಾತನಾಡುವುದು. ಅದು ಪಾಸು-ಫೇಲಿನ ಪರೀಕ್ಷೆಯಲ್ಲ. ಅಲ್ಲಿ ಚಕ್ಕುಲಿ ಡಬ್ಬಿಯ ಸಂಗತಿ ಬಾಯಿಬಿಟ್ಟು ಹೇಳಿದವರಿಗೇ ಲಾಭ.

ನಮ್ಮವರು ಇನ್ನೂ ಕೆಲವು ವಿಷಯ ಮೊದಲೇ ಕೇಳಿಕೊಳ್ಳಬೇಕು. ಶಸ್ತ್ರಚಿಕಿತ್ಸೆಯ ಬಳಿಕ ಸ್ವಲ್ಪಸ್ವಲ್ಪವಾಗಿ ಐದಾರು ಸಲ ತಿನ್ನಬೇಕು. ಊಟದ ಜೊತೆ ನೀರು ಕುಡಿಯಬಾರದು, ನಡುವೆ ಗುಟುಕರಿಸಬೇಕು. ಸೂರ್ಯಾಸ್ತದೊಳಗೆ ಇದೆಲ್ಲ ಮುಗಿಯಬೇಕಾದರೆ ವೇಳಾಪಟ್ಟಿಯನ್ನು ಆಹಾರತಜ್ಞರೊಡನೆ ಕೂತು ಹಾಕಿಸಬೇಕು. ಮಾಂಸಮೊಟ್ಟೆ ಇಲ್ಲದ ನಮಗೆ ಬಿ12 ಮೊದಲೇ ಕಡಿಮೆ. ಬಳಿಕ ಜೀವನಪರ್ಯಂತ ಅದನ್ನು ಹೊರಗಿನಿಂದ ಪಡೆಯಬೇಕು. ಪ್ರೋಟೀನಿಗೆ ಹೆಸರುಬೇಳೆ, ಮೊಸರು, ಪನೀರು ಬೇಕು. ಕ್ಯಾಪ್ಸೂಲಿನ ಹೊರಕವಚ ಬಹುಪಾಲು ಪ್ರಾಣಿಜನ್ಯ ಜೆಲಟಿನ್ ಆಗಿರುವುದರಿಂದ ಮಾತ್ರೆಯ ರೂಪದಲ್ಲಿ ಬರೆದುಕೊಡಿ ಎಂದು ಕೇಳಿದರೆ ವೈದ್ಯರು ಬೇಸರಪಡುವುದಿಲ್ಲ. ಪರ್ವಕಾಲದ ಉಪವಾಸವನ್ನಂತೂ ವೈದ್ಯರನ್ನು ಕೇಳದೆ ಮಾಡಕೂಡದು.

ಮಗಳ ವಿಷಯಕ್ಕೆ ಮರಳೋಣ. ತೀರಾ ಸೊರಗಿದವಳಿಗೆ ಒಮ್ಮೆಲೇ ಹೊಟ್ಟೆತುಂಬ ಉಣ್ಣಿಸುವುದೂ ಅಪಾಯ. ರಕ್ತದ ಲವಣಗಳು ಏರುಪೇರಾಗಿ ಹೃದಯ ನಿಲ್ಲಬಹುದು. ಮೊದಲು ಆಸ್ಪತ್ರೆ. ಆಮೇಲೆ ಮನೆಯೇ ಮುಖ್ಯ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಚಿಕಿತ್ಸೆಯಲ್ಲಿ ತಂದೆತಾಯಿಯರ ಮೇಲೆ ತಪ್ಪು ಹೊರಿಸುವುದಿಲ್ಲ. ಮಗುವಿಗೆ ಉಣ್ಣಿಸುವ ಹೊಣೆಯನ್ನು ಕೆಲಕಾಲ ಅವರ ಕೈಗೇ ಕೊಡುತ್ತಾರೆ. ಎಲ್ಲಿ ಆರಂಭಿಸುವುದೆಂದು ತೋಚದವರು ಸರ್ಕಾರದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿಯೂ ಮಾತನಾಡುತ್ತಾರೆ, ಹಣವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದೆ, ವೆಲ್ಲೂರಿನ ಸಿಎಂಸಿ ಇದೆ.

ಊಟದ ಹೊತ್ತಿಗೆ ತಾಯಿ ಪಕ್ಕದಲ್ಲಿ ಕೂರಬೇಕು. ತೂಕದ ಮಾತು ಬೇಡ, ಉಪದೇಶ ಬೇಡ. ಹಾಸ್ಟೆಲಿನ ಗೆಳತಿಯರ ಸುದ್ದಿ, ತಮ್ಮನ ತುಂಟಾಟ, ಏನಾದರೊಂದು ಮಾತಿರಲಿ. ಒಂದು ಇಡ್ಲಿಗೆ ಮುಕ್ಕಾಲು ಗಂಟೆ ಹಿಡಿದರೂ ಏಳಬಾರದು. ತೂಕದ ಮೆಷಿನ್ನನ್ನು ಅಷ್ಟರಲ್ಲಿ ತಂದೆ ಅಟ್ಟಕ್ಕೆ ಹಾಕಿರಲಿ.