ಪುರಸಭೆ ಹೋಯಿತು, ಸಭಾಭವನ ಉಳಿಯಿತು

ಮುಂದೆ ಆಡಳಿತ ಬೆಳೆದಾಗ ಕಚೇರಿಗೆ ಜಾಗ ಸಾಲದೇ ಹೋದೀತು ಎಂದು ಮೊದಲೇ ಯೋಚಿಸಿ ಕಟ್ಟಿದ ಸಭಾಭವನವೊಂದು ಫಿನ್ಲೆಂಡಿನಲ್ಲಿದೆ. ಆದರೆ ಬೆಳೆಯಬೇಕಿದ್ದ ಆ ಆಡಳಿತವೇ 1993ರಲ್ಲಿ ಇಲ್ಲವಾಯಿತು. ಪೈಯಾನೆ ಸರೋವರದ ದ್ವೀಪವೊಂದರಲ್ಲಿರುವ ಸಾಯ್ನಾತ್ಸಲೊ ಎಂಬ ಪುಟ್ಟ ಊರಿನ ಕಥೆ ಇದು.

ಈ ಊರನ್ನು ಬೆಳೆಸಿದ್ದು ಮರ. ಇಲ್ಲಿ 1914ರಲ್ಲಿ ಪ್ಲೈವುಡ್ ಕಾರ್ಖಾನೆ ಆರಂಭವಾಯಿತು. ಕಾರ್ಮಿಕರ ಜತೆ ಊರೂ ಬೆಳೆದು, 1924ರಲ್ಲಿ ಸಾಯ್ನಾತ್ಸಲೊ ಪ್ರತ್ಯೇಕ ಪುರಸಭೆಯಾಯಿತು. ಫಿನ್ಲೆಂಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಅಲ್ಲಿ ಶಾಲೆ, ಗ್ರಂಥಾಲಯ ನಡೆಸುವುದು ಸ್ಥಳೀಯ ಸಂಸ್ಥೆಯೇ. ತನ್ನ ಪಾಲಿನ ಆದಾಯ ತೆರಿಗೆಯ ದರವನ್ನೂ ಅದೇ ನಿಗದಿ ಮಾಡುತ್ತದೆ.

ಸುಮಾರು 3,000 ಜನರ ಈ ಊರು ತನಗೊಂದು ಸಭಾಭವನ ಬೇಕೆಂದು 1949ರಲ್ಲಿ ವಿನ್ಯಾಸ ಸ್ಪರ್ಧೆ ನಡೆಸಿತು. ಗೆದ್ದವರು ವಿಶ್ವವಿಖ್ಯಾತ ವಾಸ್ತುಶಿಲ್ಪಿ ಆಲ್ವರ್ ಆಲ್ಟೊ. 1952ರಲ್ಲಿ ಪೂರ್ಣಗೊಂಡ ಕೆಂಪು ಇಟ್ಟಿಗೆಯ ಈ ಕಟ್ಟಡದ ನಡುವೆ ಎತ್ತರಿಸಿದ ಅಂಗಳವಿದೆ, ಒಂದು ಪಕ್ಕದಲ್ಲಿ ಹುಲ್ಲು ಹೊದ್ದ ಮೆಟ್ಟಿಲುಗಳಿವೆ. ಸಭಾಂಗಣದ ಎತ್ತರ 17 ಮೀಟರ್. ಇಷ್ಟು ಚಿಕ್ಕ ಊರಿಗೆ ಇಷ್ಟೆತ್ತರದ ಸಭಾಂಗಣವೇಕೆ ಎಂಬ ಪ್ರಶ್ನೆ ಎದ್ದಾಗ ಆಲ್ಟೊ, ಇಟಲಿಯ ಸಿಯೆನಾ ನಗರದ ಪ್ರಸಿದ್ಧ ಸಭಾಂಗಣ ಇದಕ್ಕಿಂತ ತುಸುವೇ ಗಿಡ್ಡ ಎಂದು ಸಮರ್ಥಿಸಿಕೊಂಡರಂತೆ. ಜನ ಕೂಡಿ ತೀರ್ಮಾನ ಮಾಡುವ ಜಾಗಕ್ಕೆ ಊರಿನ ಗಾತ್ರ ನೋಡಿ ಗೌರವ ಅಳೆಯಬಾರದು ಎಂಬುದು ಅವರ ನಿಲುವಾಗಿತ್ತು.

ನೆಲ ಅಂತಸ್ತಿನಲ್ಲಿ ಅಂಗಡಿಗಳಿಗೆ ಜಾಗ ಬಿಡಲಾಗಿತ್ತು. ಮುಂದೆ ಬೇಕಾದರೆ ಅವನ್ನೇ ಕಚೇರಿ ಮಾಡಿಕೊಳ್ಳಬಹುದೆಂಬುದು ಲೆಕ್ಕಾಚಾರ. ಲೆಕ್ಕ ತಪ್ಪಿತು. ಕಟ್ಟಡಕ್ಕೆ ನಲವತ್ತು ವರ್ಷ ತುಂಬಿದ ಮರುವರ್ಷವೇ ಪುರಸಭೆ ಪಕ್ಕದ ಯುವಾಸ್ಕುಲಾ ನಗರದಲ್ಲಿ ವಿಲೀನವಾಯಿತು. ಊರಿನ ತೆರಿಗೆ, ಶಾಲೆಗಳ ತೀರ್ಮಾನ ನಗರದ ಪಾಲಾಯಿತು. ಕಟ್ಟಡದಲ್ಲಿ ಗ್ರಂಥಾಲಯ ಮುಂದುವರಿಯಿತು. ಕೆಲವು ಕೋಣೆಗಳು ಪ್ರವಾಸಿಗರ ವಸತಿಗೆ ಒದಗಿದವು.

ಇದು ಒಂದೇ ಊರಿನ ಪಾಡಲ್ಲ. ಜನಸಂಖ್ಯೆ ಇಳಿದು, ವಯಸ್ಸಾದವರು ಹೆಚ್ಚಿದಂತೆ ಸಣ್ಣ ಪುರಸಭೆಗಳಿಗೆ ಸೇವೆಗಳ ಖರ್ಚು ಭರಿಸುವುದು ಕಷ್ಟವಾಯಿತು. ಸರ್ಕಾರವೂ ವಿಲೀನಕ್ಕೆ ಅನುದಾನದ ಆಸರೆ ಕೊಟ್ಟಿತು. 2008ರಲ್ಲಿ 415 ಇದ್ದ ಸ್ಥಳೀಯ ಸಂಸ್ಥೆಗಳು ಮರುವರ್ಷವೇ 348ಕ್ಕೆ ಇಳಿದವು. 2021ರ ಹೊತ್ತಿಗೆ ಉಳಿದದ್ದು 309. ವಿಲೀನದಿಂದ ಖರ್ಚು ಹಂಚಿಹೋಗುತ್ತದೆ, ನಿಜ. ಆದರೆ ಊರಿನವರೇ ಕೂತು ಊರಿನ ಶಾಲೆಯ ಬಗ್ಗೆ ವಾದಿಸುವ ಅವಕಾಶ ತಪ್ಪಿಹೋಗುತ್ತದೆ. ದೊಡ್ಡ ನಗರದ ಸಭೆಯಲ್ಲಿ ಸಣ್ಣ ಊರಿನ ದನಿ ಕೆಲವೇ ಮತಗಳಷ್ಟು.

ಕಟ್ಟಡಕ್ಕೇನೋ ಮಾನ್ಯತೆ ಹೆಚ್ಚಿದೆ. ಆಲ್ಟೊ ಅವರ ಇತರ ಕೃತಿಗಳೊಂದಿಗೆ ಇದನ್ನೂ ಫಿನ್ಲೆಂಡ್ 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಿತು. ಆ ಎತ್ತರದ ಸಭಾಂಗಣವನ್ನು ನೋಡಲು ದೂರದ ದೇಶಗಳಿಂದ ಜನ ಬರುತ್ತಾರೆ. ಊರಿನ ಬಜೆಟ್ಟಿಗೆ ಕೈಯೆತ್ತಿ ಮತ ಹಾಕುವವರು ಮಾತ್ರ ಅಲ್ಲಿ ಸೇರುವುದಿಲ್ಲ.